ನ್ಯೂರಾಲಜಿಗೆ ಹೋಗುವವರಿಗೆ: ಎಂಡಿ ಮಾಡಿ ಹೋಗಬೇಕೋ, ನೇರ ನಿಮ್ಹಾನ್ಸೋ, ಅಮೆರಿಕವೋ?

ಕಲಬುರಗಿ, ಬೀದರ್ ಕಾಲೇಜುಗಳ ಫೈನಲ್ ಇಯರ್ ಹುಡುಗರು, ಹೌಸ್‌ಸರ್ಜನ್ನರು ಮುಂದಿನ ಓದಿನ ಮಾತು ಬಂದಾಗ ಮೊದಲೆಲ್ಲ ಕಾರ್ಡಿಯಾಲಜಿ ಬಗ್ಗೆಯೇ ಕೇಳುತ್ತಿದ್ದರು. ಈಗೀಗ "ಸರ್, ನ್ಯೂರೋ ಮಾಡ್ಬೇಕಂತ ಮನಸದ, ಖರೆ ಯಾವ ದಾರಿ ಹಿಡೀಬೇಕು ಗೊತ್ತಾಗವಲ್ದು" ಎಂದು ಬರುವವರು ಹೆಚ್ಚಾಗಿದ್ದಾರೆ. ಕಾರಣ ಅವರ ವಾರ್ಡಿನಲ್ಲೇ ಕಾಣುತ್ತದೆ. ನಮ್ಮ ಕಡೆ ಲಕ್ವಾ ಹೊಡೆದವರನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ಯುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದಾದರೆ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಹಳ್ಳಿಯಿಂದ ಬೀದರಿಗೆ, ಅಲ್ಲಿಂದ ಹೈದರಾಬಾದಿಗೆ ಎನ್ನುವಷ್ಟರಲ್ಲಿ ಆ ತಾಸುಗಳು ರಸ್ತೆಯ ಮೇಲೇ ಮುಗಿದಿರುತ್ತವೆ. ಇದನ್ನು ಕಣ್ಣಾರೆ ಕಂಡ ಹುಡುಗ ಹುಡುಗಿಯರಿಗೆ ನ್ಯೂರಾಲಜಿ ಮೇಲೆ ಮನಸ್ಸು ಬಂದರೆ ಆಶ್ಚರ್ಯವಿಲ್ಲ.

ಮೊದಲು ಒಂದು ಗೊಂದಲ ಬಗೆಹರಿಯಲಿ. ಮೊಬೈಲಿನಲ್ಲಿ "ನ್ಯೂರಾಲಜಿ ರೆಸಿಡೆನ್ಸಿ" ಎಂದು ಹುಡುಕಿದರೆ ಸಿಗುವುದೆಲ್ಲ ಬಹುಪಾಲು ಅಮೆರಿಕದ ಮಾತು. ಅಲ್ಲಿ ವೈದ್ಯಕೀಯ ಪದವಿ ಮುಗಿಸಿದವರು ನೇರವಾಗಿ ನ್ಯೂರಾಲಜಿಗೆ ಅರ್ಜಿ ಹಾಕುತ್ತಾರೆ. ನಮ್ಮಲ್ಲಿ ಅದು ಸೂಪರ್ ಸ್ಪೆಷಾಲಿಟಿ. ಸಾಮಾನ್ಯವಾಗಿ ಎಂಬಿಬಿಎಸ್ ಆದ ಮೇಲೆ ಮೂರು ವರ್ಷದ ಎಂಡಿ, ಅದರ ಮೇಲೆ ಮೂರು ವರ್ಷದ ಡಿಎಂ. ಎಂಡಿ ಎಂದರೆ ಜನರಲ್ ಮೆಡಿಸಿನ್ ಇಲ್ಲವೇ ಪೀಡಿಯಾಟ್ರಿಕ್ಸ್. ಸೈಕಿಯಾಟ್ರಿ ಮಾಡಿ ಆಮೇಲೆ ನ್ಯೂರಾಲಜಿಗೆ ಬರುತ್ತೇನೆ ಎಂಬ ಲೆಕ್ಕ ನಡೆಯುವುದಿಲ್ಲ. ಮೆದುಳಿನ ಆಪರೇಷನ್ ಮಾಡಬೇಕೆಂಬ ಆಸೆ ಇದ್ದವರದು ಬೇರೆಯೇ ದಾರಿ; ಅವರು ಸಾಮಾನ್ಯವಾಗಿ ಸರ್ಜರಿ ಕಡೆಯಿಂದ ಎಂಸಿಎಚ್‌ಗೆ, ಅಂದರೆ ಸರ್ಜರಿಯ ಸೂಪರ್ ಸ್ಪೆಷಾಲಿಟಿ ಪದವಿಗೆ ಹೋಗುತ್ತಾರೆ. ಈ ಬರಹ ಅವರಿಗಲ್ಲ.

ಆಯ್ಕೆಗಳನ್ನು ತೂಗುವ ಮುಂಚೆ ಯಾವ ಅಳತೆಯಿಂದ ತೂಗುತ್ತೀರಿ ಎಂಬುದು ಗಟ್ಟಿಯಾಗಬೇಕು. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ನೀವು ನ್ಯೂರಾಲಜಿಗೆ ಯಾವಾಗ ಮಾತು ಕೊಡಬೇಕು ಎಂಬುದು: ಇಪ್ಪತ್ಮೂರನೇ ವಯಸ್ಸಿನಲ್ಲೋ, ಇಪ್ಪತ್ತೇಳಕ್ಕೋ? ಯಾವ ಪರೀಕ್ಷೆ ಕಷ್ಟ, ಯಾವ ಊರು ಚಲೋ ಎಂಬುದೆಲ್ಲ ಅದಾದ ಮೇಲಿನ ಮಾತು. ಎರಡನೆಯದು, ಸರಿಯಾದ ಗಳಿಕೆ ಶುರುವಾಗುವ ತನಕ ಮನೆ ನಡೆಸುವವರು ಯಾರು. ಮೂರನೆಯದು, ತರಬೇತಿಯಲ್ಲಿ ಕೈಗೆ ಬರುವ ರೋಗಿಗಳ ಸಂಖ್ಯೆ ಮತ್ತು ವೈವಿಧ್ಯ. ನಾಲ್ಕನೆಯದು, ಕಡೆಗೆ ಎಲ್ಲಿ ನೆಲೆಸುತ್ತೀರಿ. ನಡುವೆ ಮನಸ್ಸು ಬದಲಾದರೆ ಕೈಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಅದೂ ಲೆಕ್ಕದಲ್ಲಿರಲಿ.

ಎಂಡಿ ಮೆಡಿಸಿನ್, ಆಮೇಲೆ ಡಿಎಂ

ಹೆಚ್ಚಿನವರು ಹಿಡಿಯುವ ದಾರಿ ಇದು. ನೀಟ್ ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆದು ಮೆಡಿಸಿನ್ ಸೀಟು, ಮೂರು ವರ್ಷದ ಮೇಲೆ ಮತ್ತೆ ಪರೀಕ್ಷೆ. ಕೊರತೆ ಎದ್ದು ಕಾಣುತ್ತದೆ: ಎರಡು ದೊಡ್ಡ ಪರೀಕ್ಷೆ, ನಡುವೆ ಬಹಳ ಸಲ ಒಂದು ಖಾಲಿ ವರ್ಷ. ಆದರೆ ಮಾತು ಕೊಡುವುದನ್ನು ಮೂರು ವರ್ಷ ಮುಂದಕ್ಕೆ ಹಾಕಲು ಬಿಡುವುದು ಇದೊಂದೇ ದಾರಿ. ಎಂಡಿ ಎರಡನೇ ವರ್ಷದಲ್ಲಿ ಕಿಡ್ನಿಯ ಮೇಲೋ ಹಾರ್ಮೋನಿನ ಮೇಲೋ ಮನಸ್ಸು ತಿರುಗಿದವರು ಎಷ್ಟೋ ಜನ. ತಿರುಗಿದರೂ ನಷ್ಟವಿಲ್ಲ. ಡಿಎಂ ಸಿಗದೇ ಹೋದರೂ ಎಂಡಿ ಮೆಡಿಸಿನ್ ಎಂಬ ಪದವಿ ಸೇಡಂನಲ್ಲೂ ಹುಮನಾಬಾದಿನಲ್ಲೂ ಶಹಾಪುರದಲ್ಲೂ ಅನ್ನ ಹಾಕುತ್ತದೆ.

ಈ ಎಂಡಿಯನ್ನು ಊರಲ್ಲೇ ಮಾಡಬೇಕೋ, ಬೆಂಗಳೂರಿಗೆ ಹೋಗಬೇಕೋ? ಇಲ್ಲಿ ನನ್ನ ಅಭಿಪ್ರಾಯ ಬಹಳ ಪೋಷಕರಿಗೆ ಹಿಡಿಸುವುದಿಲ್ಲ. ನ್ಯೂರಾಲಜಿಯೇ ಗುರಿ ಎಂದಾದರೆ ಕಲಬುರಗಿಯಂಥ ಊರಿನ ತುಂಬಿದ ಮೆಡಿಸಿನ್ ವಾರ್ಡು ಕೆಟ್ಟ ಆಯ್ಕೆ ಏನೂ ಅಲ್ಲ. ಹಾವು ಕಡಿದು ರೆಪ್ಪೆ ಜೋತುಬಿದ್ದವರು, ಹೊಲಕ್ಕೆ ಹೊಡೆಯುವ ಔಷಧಿ ಕುಡಿದು ಮೂರನೇ ದಿನಕ್ಕೆ ಕುತ್ತಿಗೆ ಎತ್ತಲಾರದೆ ಉಸಿರು ಕಟ್ಟಿದವರು, ಟಿಬಿ ಮೆನಿಂಜೈಟಿಸ್, ಬಾಣಂತಿಯರಲ್ಲಿ ಮೆದುಳಿನ ಸಿರೆಯ ಹೆಪ್ಪು, ಕಾಲಿನಿಂದ ಮೇಲೇರುವ ಗಿಲನ್-ಬಾರೆ ಎಂಬ ನರದೌರ್ಬಲ್ಯ, ಬಿ12 ಕೊರತೆಯಿಂದ ನಡಿಗೆ ತಪ್ಪಿದವರು. ಇವೆಲ್ಲ ನ್ಯೂರಾಲಜಿಯೇ. ತಜ್ಞರು ಮೇಲೆ ಇಲ್ಲದ ಕಡೆ ಇವರನ್ನು ಮೊದಲು ಮುಟ್ಟಿ ನೋಡುವ ಕೈ ಪಿಜಿ ವಿದ್ಯಾರ್ಥಿಯದೇ. ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಎಂಆರ್‌ಐ ಮೊದಲು ಆಗಿರುತ್ತದೆ, ನರ ಪರೀಕ್ಷಿಸುವ ಸುತ್ತಿಗೆ ಆಮೇಲೆ ಹೊರಗೆ ಬರುತ್ತದೆ. ಹಾಗಂತ ಅಲ್ಲಿ ಇರುವುದು ಇಲ್ಲಿ ಇಲ್ಲ ಎನ್ನುವುದನ್ನೂ ಮರೆಯುವಂತಿಲ್ಲ: ನ್ಯೂರಾಲಜಿ ವಿಭಾಗದ ದಿನನಿತ್ಯದ ಒಡನಾಟ, ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ದಾಖಲೆ) ಓದಿಸುವವರು, ಪ್ರಬಂಧ ಬರೆಸುವವರು, ಜೊತೆಗೆ ಕೂತು ಡಿಎಂ ಪರೀಕ್ಷೆಗೆ ಓದುವ ಗೆಳೆಯರ ಗುಂಪು. ಕಡೆಯದು ಸಣ್ಣ ವಿಷಯವಲ್ಲ. ಇಲ್ಲಿ ಓದುವವರು ಆ ಗುಂಪನ್ನು ತಾವೇ ಕಟ್ಟಿಕೊಳ್ಳಬೇಕು.

ಸೀಟಿನ ವಿಷಯದಲ್ಲಿ ನಮ್ಮ ಭಾಗದವರಿಗೆ ಒಂದು ಅನುಕೂಲವಿದೆ. ಸಂವಿಧಾನದ 371(ಜೆ) ಅಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟಿನ ಮೀಸಲಾತಿ ಇದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿ ಸೀಟು ಹಂಚಿಕೆಗೆ ಹೋಗುವ ಮುಂಚೆ ಉಪವಿಭಾಗಾಧಿಕಾರಿ ಕಚೇರಿಯ ಅರ್ಹತಾ ಪ್ರಮಾಣಪತ್ರ ಕೈಯಲ್ಲಿರಲಿ. ಕೌನ್ಸೆಲಿಂಗ್ ಶುರುವಾದ ಮೇಲೆ ಆ ಕಚೇರಿಗೆ ಓಡಾಡುವ ಫಜೀತಿ ಬೇಡ. ಆದರೆ ಈ ನೆರವು ಎಂಡಿ ತನಕ ಮಾತ್ರ. ಡಿಎಂ ಸೀಟಿಗೆ ಬಂದರೆ 371(ಜೆ) ಲೆಕ್ಕಕ್ಕೆ ಬರುವುದಿಲ್ಲ, ದೇಶದವರೆಲ್ಲರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕು.

ಆ ಸಾಲಿನಲ್ಲಿ ಎರಡು ಪರೀಕ್ಷೆಗಳಿವೆ. ನೀಟ್ ಎಸ್‌ಎಸ್ ವರ್ಷಕ್ಕೊಮ್ಮೆ. ಮೆಡಿಕಲ್ ಗುಂಪಿನ ಪ್ರಶ್ನೆಗಳು ಜನರಲ್ ಮೆಡಿಸಿನ್‌ನಿಂದಲೇ ಬರುತ್ತವೆ. ಅಂದರೆ ನ್ಯೂರಾಲಜಿ ಸೀಟು ಬೇಕೆಂದು ಬರೀ ನ್ಯೂರಾಲಜಿ ಓದಿದವನು ಸೋಲುತ್ತಾನೆ. ಐಎನ್‌ಐ-ಎಸ್‌ಎಸ್ ವರ್ಷಕ್ಕೆ ಎರಡು ಸಲ. ದೆಹಲಿ ಏಮ್ಸ್, ಚಂಡೀಗಢದ ಪಿಜಿಐ, ಪುದುಚೇರಿಯ ಜಿಪ್ಮರ್, ಬೆಂಗಳೂರಿನ ನಮ್ಮ ನಿಮ್ಹಾನ್ಸ್‌ನಂಥ ಸಂಸ್ಥೆಗಳಿಗೆ ಇದೇ ಬಾಗಿಲು. ಇದರಲ್ಲಿ ಬರಹದ ಪರೀಕ್ಷೆ ದಾಟಿದವರಿಗೆ ವಿಭಾಗದ ಮುಂದೆ ಕ್ಲಿನಿಕಲ್ ಪರೀಕ್ಷೆಯೂ ಇರುತ್ತದೆ. ಬಹುಆಯ್ಕೆ ಪ್ರಶ್ನೆಗಳಲ್ಲಿ ನಡುಮಟ್ಟಕ್ಕಿದ್ದು ರೋಗಿಯ ಹಾಸಿಗೆ ಪಕ್ಕ ಚುರುಕಾಗಿರುವ ಹುಡುಗರಿಗೆ ನಾನು ಐಎನ್‌ಐ-ಎಸ್‌ಎಸ್ ಬಿಡಬೇಡಿ ಎನ್ನುತ್ತೇನೆ.

ಡಿಎಂ ಮತ್ತು ಡಿಆರ್‌ಎನ್‌ಬಿ (ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಸೂಪರ್ ಸ್ಪೆಷಾಲಿಟಿ ಪದವಿ) ಎಂಬ ಜಗಳ ಇನ್ನೊಂದು. ಡಿಆರ್‌ಎನ್‌ಬಿಯೂ ಮೂರು ವರ್ಷದ್ದೇ, ನೀಟ್ ಎಸ್‌ಎಸ್ ಮೂಲಕವೇ, ಹೆಚ್ಚಾಗಿ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ. ಹೈದರಾಬಾದಿನ ಅಪೋಲೋದಂಥ ಕಡೆ ಲಕ್ವಾ ಚಿಕಿತ್ಸೆಯ ವೇಗ, ಕ್ಯಾಥೆಟರ್ ಹಾಕಿ ಹೆಪ್ಪು ತೆಗೆಯುವುದು, ನ್ಯೂರೋ ಐಸಿಯು ಇವನ್ನು ಕಲಿಯುವ ಅವಕಾಶ ಚೆನ್ನಾಗಿರುತ್ತದೆ. ಸರ್ಕಾರಿ ಕಾಲೇಜಿನ ಡಿಎಂನಲ್ಲಿ, ಉದಾಹರಣೆಗೆ ಹೈದರಾಬಾದಿನ ಉಸ್ಮಾನಿಯಾ ಅಥವಾ ನಿಮ್ಸ್‌ನಲ್ಲಿ, ಓಪಿಡಿ ಗದ್ದಲವೇ ಗುರು. ಸ್ವತಂತ್ರವಾಗಿ ನಿರ್ಧರಿಸುವ ಅಭ್ಯಾಸ ಬೇಗ ಬರುತ್ತದೆ. ಕಾನೂನಿನ ಕಣ್ಣಿಗೆ ಎರಡೂ ಸಮ. ಕಾಲೇಜಿನಲ್ಲಿ ಪಾಠ ಹೇಳುವ ಹುದ್ದೆ ಬೇಕೆನ್ನುವವರು ಮಾತ್ರ ತಮ್ಮ ಆಸ್ಪತ್ರೆ ಆಗಿನ ನಿಯಮಗಳಿಗೆ ಹೊಂದುತ್ತದೆಯೇ ಎಂದು ಸೇರುವ ಮೊದಲೇ ನೋಡಿಕೊಳ್ಳಬೇಕು. ಡೀಮ್ಡ್ ವಿಶ್ವವಿದ್ಯಾಲಯಗಳಲ್ಲೂ ಡಿಎಂ ಇದೆ, ಆದರೆ ಮೂರು ವರ್ಷಕ್ಕೆ ಹತ್ತಾರು ಲಕ್ಷ ಶುಲ್ಕ. ಇಲ್ಲಿಗೆ ವಾಪಸ್ಸಾಗಿ ಪ್ರ್ಯಾಕ್ಟೀಸ್ ಮಾಡುವ ಮನಸ್ಸಿದ್ದವರಿಗೆ ಆ ಸಾಲ ನಾನು ಒಪ್ಪುವುದಿಲ್ಲ. ಇನ್ನೊಂದು ವರ್ಷ ಓದಿ ಮತ್ತೆ ಬರೆಯುವುದು ಅಗ್ಗ.

ಎಂಬಿಬಿಎಸ್ ಆದ ಕೂಡಲೇ ನಿಮ್ಹಾನ್ಸ್

ನಿಮ್ಹಾನ್ಸ್‌ನಲ್ಲಿ ಎಂಬಿಬಿಎಸ್ ಮುಗಿಸಿದವರಿಗೇ ನೇರ ಡಿಎಂ ಇದೆ. ಐಎನ್‌ಐ-ಸಿಇಟಿ ಎಂಬ ಬೇರೆ ಪರೀಕ್ಷೆಯ ಮೂಲಕ ಪ್ರವೇಶ, ಆರು ವರ್ಷ, ಸೀಟು ಬೆರಳೆಣಿಕೆಯಷ್ಟು. ಹೊರಗಿನಿಂದ ನೋಡಿದರೆ ಇದು ಬಂಗಾರದ ದಾರಿ: ಒಂದೇ ಪರೀಕ್ಷೆ, ನಡುವೆ ಖಾಲಿ ವರ್ಷವಿಲ್ಲ, ಮೊದಲ ದಿನದಿಂದ ದೇಶದ ಅತ್ಯುತ್ತಮ ನ್ಯೂರಾಲಜಿ ವಾತಾವರಣ. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಕೂಡಿ ಆದ ಈ ಸಂಸ್ಥೆಯಲ್ಲಿ ನ್ಯೂರೋಪೆಥಾಲಜಿ, ನ್ಯೂರೋಸರ್ಜರಿ, ಸೈಕಿಯಾಟ್ರಿ ಎಲ್ಲ ಒಂದೇ ಅಂಗಳದಲ್ಲಿವೆ. ಅಪರೂಪದ ರೋಗಗಳು ದೇಶದ ಮೂಲೆಮೂಲೆಯಿಂದ ಇಲ್ಲಿಗೆ ಬರುತ್ತವೆ. ಸಂಶೋಧನೆ ಮಾಡುವ ಗುರಿ ಇದ್ದವರಿಗೆ ಇದಕ್ಕಿಂತ ದೊಡ್ಡ ಆಸ್ತಿ ಇನ್ನೊಂದಿಲ್ಲ.

ಆದರೆ ಲೆಕ್ಕ ಹಾಕಿ ನೋಡಿ. ಮೂರು ಕೂಡಿಸು ಮೂರೂ ಆರೇ. ಉಳಿಯುವುದು ನಡುವಿನ ಖಾಲಿ ವರ್ಷ ಮತ್ತು ಎರಡನೇ ಪರೀಕ್ಷೆಯ ಆತಂಕ. ಅದಕ್ಕೆ ತೆರುವ ಬೆಲೆ, ಇಪ್ಪತ್ಮೂರಕ್ಕೇ ಮಾತು ಕೊಟ್ಟುಬಿಡುವುದು. ಎರಡನೇ ವರ್ಷದಲ್ಲಿ ಇದು ನನಗಲ್ಲ ಎನ್ನಿಸಿದರೆ ಕೈಯಲ್ಲಿ ಎಂಬಿಬಿಎಸ್ ಬಿಟ್ಟರೆ ಏನೂ ಇಲ್ಲ, ಸೀಟು ಬಿಟ್ಟದ್ದಕ್ಕೆ ದಂಡ ಬೇರೆ. ಮುಗಿಸಿದರೂ ಹೆಸರಿನ ಮುಂದೆ ಎಂಡಿ ಮೆಡಿಸಿನ್ ಇರುವುದಿಲ್ಲ. ಬೆಂಗಳೂರಿನಲ್ಲಿ ಅದನ್ನು ಯಾರೂ ಕೇಳಲಿಕ್ಕಿಲ್ಲ. ಬೀದರಿನಲ್ಲಿ ಹೊಸದಾಗಿ ಬೋರ್ಡು ಹಾಕಿದ ನ್ಯೂರಾಲಜಿಸ್ಟನ ಹತ್ತಿರ ಮೊದಲೆರಡು ವರ್ಷ ಸಕ್ಕರೆ ಕಾಯಿಲೆ, ಬಿಪಿ, ಡೆಂಗಿಯವರೂ ಬರುತ್ತಾರೆ. ಅವರನ್ನು ಧೈರ್ಯವಾಗಿ ನೋಡಲು ಮೆಡಿಸಿನ್ ಬುನಾದಿ ಬೇಕು.

ಹಾಗಾದರೆ ಯಾರು ಹೋಗಬೇಕು? ಮೂರನೇ ವರ್ಷದಿಂದಲೇ ಮನಸ್ಸು ಅಲ್ಲಾಡದವರು, ಸಂಶೋಧನೆಯೋ ಬೋಧನೆಯೋ ಬೇಕೆನ್ನುವವರು, ಜಿಲ್ಲೆಯ ಪ್ರ್ಯಾಕ್ಟೀಸಿಗಿಂತ ಸಂಸ್ಥೆಯೊಳಗಿನ ಬದುಕು ಇಷ್ಟಪಡುವವರು. ಮನಸ್ಸು ಅಲ್ಲಾಡಿಲ್ಲ ಎನ್ನುವುದನ್ನು ಪರೀಕ್ಷಿಸುವ ನನ್ನ ವಿಧಾನ ಸರಳ. ಇಂಟರ್ನ್‌ಶಿಪ್‌ನಲ್ಲಿ ಒಂದು ತಿಂಗಳು, ದಿನಕ್ಕೊಬ್ಬ ರೋಗಿಯನ್ನು ಟ್ಯೂನಿಂಗ್ ಫೋರ್ಕ್, ಸುತ್ತಿಗೆ, ಟಾರ್ಚ್ ಹಿಡಿದು ತಲೆಯಿಂದ ಕಾಲಿನವರೆಗೆ ನೋಡಿ. ಸ್ಕ್ಯಾನ್ ನೋಡುವ ಮುಂಚೆ ದೋಷ ಎಲ್ಲಿದೆ ಎಂದು ಕಾಗದದ ಮೇಲೆ ಬರೆದಿಡಿ: ಕಾರ್ಟೆಕ್ಸೋ, ಬ್ರೈನ್‌ಸ್ಟೆಮ್ಮೋ, ಬೆನ್ನುಹುರಿಯೋ, ನರವೋ, ಸ್ನಾಯುವೋ. ಸರಿಯೋ ತಪ್ಪೋ ಆಮೇಲೆ. ಆ ಒಂದು ತಾಸಿನ ಕೆಲಸ ಬೇಸರ ತಂದರೆ ನ್ಯೂರಾಲಜಿ ನಿಮ್ಮದಲ್ಲ, ಏಕೆಂದರೆ ಜೀವನಪೂರ್ತಿ ಅದೇ ಕೆಲಸ. ಸ್ನಾಯುಗಳು ಕ್ರಮೇಣ ಸೋಲುವ ಎಎಲ್‌ಎಸ್‌ನಂಥ ರೋಗದಲ್ಲಿ ರೋಗ ಪತ್ತೆಹಚ್ಚಿದ ಮೇಲೂ ಗುಣ ಮಾಡಲಾಗದೆ ಮನೆಯವರ ಜೊತೆ ಕೂತು ಮಾತಾಡುವುದೂ ಕೆಲಸದ ಭಾಗವೇ.

ಪೀಡಿಯಾಟ್ರಿಕ್ಸ್ ಕಡೆಯಿಂದ

ಮಕ್ಕಳ ಫಿಟ್ಸ್, ಬೆಳವಣಿಗೆಯ ತೊಂದರೆ, ಸೆರಿಬ್ರಲ್ ಪಾಲ್ಸಿ ಇವುಗಳಲ್ಲಿ ಆಸಕ್ತಿ ಇದ್ದವರಿಗೆ ಎಂಡಿ ಪೀಡಿಯಾಟ್ರಿಕ್ಸ್ ಒಳ್ಳೆಯ ದಾರಿ. ಅದರ ಮೇಲೆ ಡಿಎಂ ಪೀಡಿಯಾಟ್ರಿಕ್ ನ್ಯೂರಾಲಜಿ ಇದೆ. ದೊಡ್ಡವರ ನ್ಯೂರಾಲಜಿಗೂ ಅರ್ಹತೆ ಇದೆಯಾದರೂ ಅಲ್ಲಿ ಮೆಡಿಸಿನ್ ಪ್ರಶ್ನೆಪತ್ರಿಕೆಯಲ್ಲಿ ಮೆಡಿಸಿನ್‌ನವರ ಜೊತೆ ಸೆಣಸಬೇಕಾಗುತ್ತದೆ. "ಮೆಡಿಸಿನ್ ಸಿಗಲಿಲ್ಲ, ಪೀಡಿಯಾಟ್ರಿಕ್ಸ್ ತಗೊಂಡು ಆಮೇಲೆ ನ್ಯೂರೋಕ್ಕೆ ಹಾರ್ತೀನಿ" ಎನ್ನುವವರಿಗೆ ನಾನು ಬೇಡ ಎನ್ನುತ್ತೇನೆ.

ಅಮೆರಿಕ

ಇಲ್ಲಿನ ಲೆಕ್ಕ ಪೂರ್ತಿ ಬೇರೆ. ನ್ಯೂರಾಲಜಿ ರೆಸಿಡೆನ್ಸಿ ನಾಲ್ಕು ವರ್ಷ. ಮೊದಲನೆಯದು ಬಹುಪಾಲು ಇಂಟರ್ನಲ್ ಮೆಡಿಸಿನ್, ಉಳಿದ ಮೂರು ನ್ಯೂರಾಲಜಿ. ಕೆಲವು ಪ್ರೋಗ್ರಾಮುಗಳು ನಾಲ್ಕೂ ವರ್ಷ ತಾವೇ ಕೊಡುತ್ತವೆ, ಕೆಲವು ಎರಡನೇ ವರ್ಷದಿಂದ ತೆಗೆದುಕೊಳ್ಳುತ್ತವೆ. ಎರಡನೇ ಬಗೆಯದಕ್ಕೆ ಮೊದಲ ವರ್ಷದ ಸೀಟನ್ನು ಬೇರೆ ಹುಡುಕಿಕೊಳ್ಳಬೇಕು. ಅರ್ಜಿ ಹಾಕುವಾಗ ಇದನ್ನು ಗಮನಿಸದೆ ಸಿಕ್ಕಿಬೀಳುವವರು ಇದ್ದಾರೆ. ವಿದೇಶಿ ಪದವೀಧರರಿಗೆ ನ್ಯೂರಾಲಜಿ ಮೊದಲಿಂದಲೂ ಡರ್ಮಟಾಲಜಿಯಷ್ಟು ಬಾಗಿಲು ಮುಚ್ಚಿದ ವಿಭಾಗವಲ್ಲ.

ನಮ್ಮಲ್ಲಿ ಅಂಕವೇ ಮಾತಾಡುತ್ತದೆ, ಅಲ್ಲಿ ಫೈಲು ಪೂರ್ತಿ ಓದುತ್ತಾರೆ. ಅಲ್ಲಿ ವೈದ್ಯರಾಗಲು ಬರೆಯಬೇಕಾದ ಯುಎಸ್‌ಎಂಎಲ್‌ಇಯ ಸ್ಟೆಪ್ 1 ಪರೀಕ್ಷೆ 2022ರ ಜನವರಿಯಿಂದ ಬರೀ ಪಾಸು-ಫೇಲು. ಹಾಗಾಗಿ ಸ್ಟೆಪ್ 2 ಸಿಕೆ ಅಂಕದ ಮೇಲೆ ಕಣ್ಣು. ಇಂಗ್ಲಿಷ್ ಭಾಷೆಗೆ ಓಇಟಿ ಬರೆಯಬೇಕು. ಅಲ್ಲಿನ ಆಸ್ಪತ್ರೆಯಲ್ಲಿ ಕೆಲವು ವಾರ ಕೆಲಸ ನೋಡಿದ ಅನುಭವ, ಅಲ್ಲಿನ ನ್ಯೂರಾಲಜಿಸ್ಟರ ಶಿಫಾರಸು ಪತ್ರ, ನ್ಯೂರಾಲಜಿಯೇ ಏಕೆ ಎಂದು ಹೇಳುವ ಸ್ವಂತ ಬರಹ ಬೇಕು. ಸೆಪ್ಟೆಂಬರ್‌ನಲ್ಲಿ ಅರ್ಜಿ, ಚಳಿಗಾಲದಲ್ಲಿ ಸಂದರ್ಶನ, ಮಾರ್ಚ್‌ನಲ್ಲಿ ಮ್ಯಾಚ್ ಎನ್ನುವ ಸೀಟು ಹಂಚಿಕೆಯ ಫಲಿತಾಂಶ, ಜುಲೈಗೆ ಕೆಲಸ. ಸ್ವಂತ ಬರಹದಲ್ಲಿ ನಮ್ಮ ಹುಡುಗರು "ಚಿಕ್ಕಂದಿನಿಂದ ಮೆದುಳು ಎಂದರೆ ವಿಸ್ಮಯ" ಎಂದು ಶುರುಮಾಡುತ್ತಾರೆ. ಅದನ್ನು ಅಳಿಸಿ. ನೀವು ರೈತರ ಜಿಲ್ಲೆಯ ಆಸ್ಪತ್ರೆಯಲ್ಲಿ ನೋಡಿದ ಒಬ್ಬ ರೋಗಿಯನ್ನು, ದೋಷ ಎಲ್ಲಿದೆ ಎಂದು ನೀವು ಯೋಚಿಸಿದ ಬಗೆಯನ್ನು ಬರೆಯಿರಿ. ರೋಗಿಯ ಗುರುತು ಸಿಗುವ ವಿವರ ಮಾತ್ರ ಬೇಡ.

ದುಡ್ಡಿನ ಮಾತು: ಪರೀಕ್ಷಾ ಶುಲ್ಕ, ಅರ್ಜಿ, ವಿಮಾನ, ಅಲ್ಲಿನ ತಿಂಗಳುಗಳ ವಾಸ ಎಲ್ಲ ಕೂಡಿದರೆ ಹತ್ತು ಲಕ್ಷ ದಾಟುವುದು ಸಾಮಾನ್ಯ, ಅದೂ ಸೀಟಿನ ಖಾತ್ರಿ ಇಲ್ಲದೆ. ಸಿಕ್ಕರೆ ವರ್ಷಕ್ಕೆ 60,000 ಡಾಲರಿಗೂ ಮೇಲಿನ ಸಂಬಳ, ಶುಲ್ಕವಿಲ್ಲ. ವೀಸಾ ಇನ್ನೊಂದು ಗಂಟು. ಹೆಚ್ಚಿನವರಿಗೆ ಸಿಗುವ ಜೆ-1ರಲ್ಲಿ ತರಬೇತಿ ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕು, ಇಲ್ಲವೇ ಅಲ್ಲಿನ ವೈದ್ಯರ ಕೊರತೆ ಇರುವ ಊರಿನಲ್ಲಿ ಮೂರು ವರ್ಷ ಕೆಲಸ ಮಾಡಿ ವಿನಾಯಿತಿ ಪಡೆಯಬೇಕು. ಎಚ್-1ಬಿ ಬೇಕಾದರೆ ಸ್ಟೆಪ್ 3 ಮೊದಲೇ ಮುಗಿದಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾದ ಮೇಲೆ ಅದನ್ನೇ ನಂಬಿ ಯೋಜನೆ ಹಾಕುವುದು ಜಾಣತನವಲ್ಲ. ವಾಪಸ್ ಬರುವ ಮನಸ್ಸಿದ್ದವರಿಗೆ ಜೆ-1 ಕಾಟವೇ ಅಲ್ಲ. ಅಮೆರಿಕ, ಬ್ರಿಟನ್ ಸೇರಿ ಐದು ದೇಶಗಳ ಸ್ನಾತಕೋತ್ತರ ಪದವಿಗೆ 2008ರಿಂದಲೇ ನಮ್ಮಲ್ಲಿ ಮಾನ್ಯತೆ ಇದೆ. ಆದರೆ ಹೋದವರಲ್ಲಿ ಬಂದವರು ಎಷ್ಟು ಎಂಬುದನ್ನು ನಿಮ್ಮ ಕಾಲೇಜಿನ ಹಳೆಯ ಬ್ಯಾಚಿನಲ್ಲೇ ಎಣಿಸಿಕೊಳ್ಳಿ.

ಎಂಡಿ ಮಾಡುತ್ತಲೇ ಯುಎಸ್‌ಎಂಎಲ್‌ಇಯನ್ನೂ ಒಂದು ಕೈ ನೋಡುತ್ತೇನೆ ಎಂಬುದು ನಾನು ಕಂಡಂತೆ ಬಹಳ ಸಲ ಎರಡನ್ನೂ ಕೆಡಿಸುತ್ತದೆ. ಪದವಿ ಆಗಿ ವರ್ಷಗಳು ಕಳೆದಷ್ಟೂ ಅಲ್ಲಿನ ಪ್ರೋಗ್ರಾಮುಗಳು ಅನುಮಾನದಿಂದ ನೋಡುತ್ತವೆ. ಹೋಗುವುದಾದರೆ ಎಂಬಿಬಿಎಸ್ ಎರಡನೇ, ಮೂರನೇ ವರ್ಷದಲ್ಲೇ ಮನೆಯವರ ಜೊತೆ ಕೂತು ದುಡ್ಡಿನ ಲೆಕ್ಕ ಮಾಡಿ ಹೊರಡಬೇಕು.

ಬ್ರಿಟನ್ ಬಗ್ಗೆ ಎರಡೇ ಮಾತು. ಅಲ್ಲಿನ ಪ್ಲ್ಯಾಬ್ ಪರೀಕ್ಷೆ ದಾಟಿ, ಇಂಟರ್ನಲ್ ಮೆಡಿಸಿನ್ ಮುಗಿಸಿ ನ್ಯೂರಾಲಜಿ ಟ್ರೇನಿಂಗ್ ಮುಗಿಯುವಷ್ಟರಲ್ಲಿ ಏಳೆಂಟು ವರ್ಷ, ಮತ್ತು ಈಗ ಪ್ಲ್ಯಾಬ್ ಪಾಸಾದವರಿಗೆ ಮೊದಲ ಕೆಲಸ ಸಿಗುವುದೇ ಕಷ್ಟವಾಗಿದೆ. ಬೇರೆ ಕಾರಣವಿಲ್ಲದಿದ್ದರೆ ಇದು ನನ್ನ ಪಟ್ಟಿಯಲ್ಲಿ ಕೊನೆಗೆ.

ಯಾರಿಗೆ ಯಾವುದು

ಚಿತ್ತಾಪುರದ ಕಡೆಯ ಹುಡುಗಿ ಎಂದುಕೊಳ್ಳಿ. ತೊಗರಿ ಬೆಳೆಯೇ ಮನೆಯ ಆದಾಯ, ಎಂಬಿಬಿಎಸ್ ಸಾಲ ಇನ್ನೂ ಇದೆ, ತಮ್ಮ ಓದುತ್ತಿದ್ದಾನೆ. ಅವಳಿಗೆ ನನ್ನ ಸಲಹೆ: ನೀಟ್ ಪಿಜಿ, 371(ಜೆ)ಯಲ್ಲಿ ಸರ್ಕಾರಿ ಮೆಡಿಸಿನ್ ಸೀಟು, ಸ್ಟೈಪೆಂಡಿನಲ್ಲಿ ಬದುಕು, ಆಮೇಲೆ ಒಂದು ವರ್ಷ ಸೀನಿಯರ್ ರೆಸಿಡೆಂಟ್ ಕೆಲಸ ಮಾಡುತ್ತಲೇ ಡಿಎಂ ಓದು. ಡಿಎಂ ಅವಧಿ ಬರೀ ಖರ್ಚಿನದು ಎಂಬ ಭಯ ಬೇಡ. ದೆಹಲಿ ಏಮ್ಸ್‌ನಂಥ ಕೇಂದ್ರ ಸಂಸ್ಥೆಗಳಲ್ಲಿ ಡಿಎಂ ವಿದ್ಯಾರ್ಥಿಗೆ 67,700 ರೂಪಾಯಿ ಮೂಲ ವೇತನದ ಮೇಲೆ ಭತ್ಯೆಗಳೂ ಇರುತ್ತವೆ. ರಾಜ್ಯಗಳಲ್ಲಿ ಇದಕ್ಕಿಂತ ಕಡಿಮೆ, ಜೊತೆಗೆ ಬಾಂಡ್, ಅಂದರೆ ಓದಿದ ಮೇಲೆ ಇಷ್ಟು ವರ್ಷ ಸೇವೆ ಮಾಡದಿದ್ದರೆ ಹಣ ಕಟ್ಟುವ ಕರಾರು. ಬಾಂಡಿನ ವರ್ಷ ಮತ್ತು ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆಯ್ಕೆ ತುಂಬುವ ಮುಂಚೆ ಓದಲೇಬೇಕಾದ ಪುಟ ಅದು.

ಅಪ್ಪ-ಅಮ್ಮ ಇಬ್ಬರೂ ಡಾಕ್ಟರು, ಕಲಬುರಗಿಯಲ್ಲಿ ನರ್ಸಿಂಗ್ ಹೋಮ್ ಇದೆ, ಮಗ ವಾಪಸ್ ಬಂದು ಕೂರಬೇಕು ಎನ್ನುವ ಮನೆಗೆ ಹೈದರಾಬಾದಿನ ಡಿಎಂ ಅಥವಾ ಒಳ್ಳೆಯ ಡಿಆರ್‌ಎನ್‌ಬಿ ಸಾಕು, ಅಷ್ಟೇ ಅಲ್ಲ, ಅದೇ ಉತ್ತಮ. ನಮ್ಮ ರೋಗಿಗಳು ಹೋಗುವ ಊರು ಅದೇ, ಮುಂದೆ ಕಳಿಸಬೇಕಾದಾಗ ಪರಿಚಯದವರೂ ಅಲ್ಲೇ ಇರುತ್ತಾರೆ. ಹಿಂದಿ, ಉರ್ದು, ತೆಲುಗು ನಾಲಿಗೆಗೆ ಹತ್ತುವುದು ಬೀದರಿನಲ್ಲಿ ಪ್ರ್ಯಾಕ್ಟೀಸ್ ಮಾಡುವವರಿಗೆ ಪುಕ್ಕಟೆ ಲಾಭ. ಬಂಡವಾಳದ ದೃಷ್ಟಿಯಿಂದಲೂ ನ್ಯೂರಾಲಜಿ ಹಗುರ: ಕ್ಯಾಥ್‌ಲ್ಯಾಬ್ ಇಲ್ಲದೆ ಕಾರ್ಡಿಯಾಲಜಿಸ್ಟನ ಕೈ ಕಟ್ಟಿದಂತೆ. ನ್ಯೂರಾಲಜಿಸ್ಟನಿಗೆ ಇಇಜಿ, ನರ ಪರೀಕ್ಷೆಯ ಯಂತ್ರ, ಹತ್ತಿರದಲ್ಲೆಲ್ಲೋ ಒಂದು ಎಂಆರ್‌ಐ ಇದ್ದರೆ ಓಪಿಡಿ ಶುರು.

ಪಿಜಿ ಓದುವಾಗಲೇ ಮದುವೆ, ಮಗು ಆಗುವ ಸಾಧ್ಯತೆ ಇದ್ದವರು ಡಿಎಂ ಊರನ್ನು ಹೆಸರಿಗಿಂತ ದೂರ ನೋಡಿ ಆರಿಸಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಮೊದಲ ವರ್ಷದ ಡಿಎಂ ಡ್ಯೂಟಿ ಕರುಣೆ ಇಲ್ಲದ್ದು. ಬೀದರಿನಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಮೂರು-ನಾಲ್ಕು ತಾಸು, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಗೆ ಒಂದು ದಿನಕ್ಕಿಂತ ಹೆಚ್ಚಿನ ಪ್ರಯಾಣ. ಫಿಟ್ಸ್ ರೋಗದ ಆಪರೇಷನ್ನಿಗೆ ಹೆಸರಾದ ಸಂಸ್ಥೆ ಅದು, ಎಪಿಲೆಪ್ಸಿಯಲ್ಲೇ ಮುಂದುವರಿಯುವವರು ಖಂಡಿತ ಹೋಗಲಿ. ಉಳಿದವರಿಗೆ ಅಜ್ಜಿ-ತಾತ ಹತ್ತಿರವಿರುವ ಊರಿನ ಸಾಧಾರಣ ವಿಭಾಗವೂ ಚಲೋ ನ್ಯೂರಾಲಜಿಸ್ಟರನ್ನು ತಯಾರು ಮಾಡುತ್ತದೆ.

ಇನ್ನು ಯಾದಗಿರಿ ಜಿಲ್ಲೆಯ ಯಾವುದೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗಲೇ ಸರ್ಕಾರಿ ಕೆಲಸಕ್ಕೆ ಸೇರಿದವರು. ನಿಮಗೆ ಪಿಜಿಯಲ್ಲಿ ಸೇವಾನಿರತರ ಕೋಟಾ ಇದೆ, ಸಂಬಳವೂ ನಿಲ್ಲುವುದಿಲ್ಲ. ಆದರೆ ಓದಿದ ಮೇಲೆ ಸರ್ಕಾರಕ್ಕೆ ಸಲ್ಲಿಸಬೇಕಾದ ಸೇವೆಯ ಮುಚ್ಚಳಿಕೆ ಬರೆದುಕೊಡಬೇಕು. ಆ ಅವಧಿಯ ನಡುವೆ ಡಿಎಂಗೆ ಹೋಗಲು ಇಲಾಖೆಯ ಅನುಮತಿ ಮತ್ತೆ ಬೇಕು. ಎಂಡಿ ಸೀಟು ಒಪ್ಪಿಕೊಳ್ಳುವ ದಿನವೇ ಇದನ್ನು ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ, ಬಾಯಿಮಾತಿನ ಭರವಸೆ ಎನ್‌ಒಸಿ ಕೇಳುವ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ.